ಖುರ್ಚಿಯ ಬಾಡಿಗೆಗೂ ಲೆಕ್ಕವಿದೆ, ಪಕ್ಷದ ಖರ್ಚಿಗೆ ಮಿತಿಯಿಲ್ಲ

ವಿಧಾನಸಭೆಗೆ ನಾಮಪತ್ರ ಸಲ್ಲಿಸಿದ ಅಭ್ಯರ್ಥಿಯ ಕೈಗೆ ಒಂದು ಲೆಕ್ಕದ ಪುಸ್ತಕ ಬರುತ್ತದೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕ್ ವ್ಯವಹಾರ ಬರೆಯಬೇಕು. ಜೊತೆಗೆ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ: ಪ್ಲಾಸ್ಟಿಕ್ ಖುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಟೀಗೆ ಇಷ್ಟು, ಊಟಕ್ಕೆ ಇಷ್ಟು. ಅಭ್ಯರ್ಥಿ ಕಡಿಮೆ ಬರೆದರೆ ಸಾಗುವುದಿಲ್ಲ. ಸಭೆಯ ವಿಡಿಯೊ ನೋಡಿ ಖುರ್ಚಿ ಎಣಿಸುವ ತಂಡ ತನ್ನದೇ ಇನ್ನೊಂದು ಪುಸ್ತಕ ಇಟ್ಟಿರುತ್ತದೆ. ಪ್ರಚಾರ ಮುಗಿಯುವುದರೊಳಗೆ ಎರಡನ್ನೂ ಮೂರು ಸಲ ತಾಳೆ ನೋಡುತ್ತಾರೆ.

ಕರ್ನಾಟಕದಲ್ಲಿ 2018ರಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 28 ಲಕ್ಷ ರೂಪಾಯಿ ಇತ್ತು. 2022ರ ಜನವರಿಯಲ್ಲಿ ಅದು 40 ಲಕ್ಷಕ್ಕೆ ಏರಿತು. ಆದರೆ 2023ರ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ಸಿಕ್ಕಿಬಿದ್ದ ನಗದು, ಮದ್ಯ, ಚಿನ್ನ, ಉಡುಗೊರೆಗಳ ಮೌಲ್ಯವೇ ಸುಮಾರು 375 ಕೋಟಿ. ಹಿಂದಿನ ಚುನಾವಣೆಯಲ್ಲಿ ಅದು 84 ಕೋಟಿಯ ಆಸುಪಾಸಿನಲ್ಲಿತ್ತು. ಇದು ಸಿಕ್ಕಿಬಿದ್ದದ್ದು ಮಾತ್ರ.

ಹೀಗಾಗಿದ್ದು ಹೇಗೆ ಎಂದು ತಿಳಿಯಬೇಕಾದರೆ ದುಡ್ಡು ಕೊಡುವವರು ಯಾರಾಗಿದ್ದರು ಎಂಬಲ್ಲಿಂದ ಶುರು ಮಾಡಬೇಕು. ಗೇಣಿ ರೈತರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಬಂದರು. ಕೈಯಲ್ಲಿ ಕಾಸಿಲ್ಲದ ಅವರ ಹೆಸರಿನ ಜೊತೆ ಮಲೆನಾಡಿನಲ್ಲಿ ಇಂದಿಗೂ ‘ಒಂದು ವೋಟು, ಒಂದು ನೋಟು’ ಎಂಬ ಮಾತು ಅಂಟಿಕೊಂಡಿದೆ. ಮತ ಕೇಳುವುದರ ಜೊತೆಗೆ ಖರ್ಚಿಗೂ ಜನರಲ್ಲೇ ಕೈಚಾಚುವುದು. ನೋಟು ಕೊಟ್ಟವನು ನಾಳೆ ನಿಲ್ಲಿಸಿ ಪ್ರಶ್ನೆ ಕೇಳಬಲ್ಲ ಎಂಬುದೇ ಈ ದಾರಿಯ ದೊಡ್ಡ ಬಲ ಎಂದು ನನಗನ್ನಿಸುತ್ತದೆ. ಆ ನೆನಪು ಪೂರ್ತಿ ಸತ್ತಿಲ್ಲ. 2023ರಲ್ಲಿ ಯಾದಗಿರಿಯಲ್ಲಿ ಪಕ್ಷೇತರ ಅಭ್ಯರ್ಥಿಯೊಬ್ಬರು ಊರೂರು ತಿರುಗಿ ಕೂಡಿಸಿದ ಒಂದು ರೂಪಾಯಿ ನಾಣ್ಯಗಳನ್ನೇ ತಂದು 10,000 ರೂಪಾಯಿ ಠೇವಣಿ ಕಟ್ಟಿದರು. ಸಿಬ್ಬಂದಿ ಕೂತು ಎಣಿಸಬೇಕಾಯಿತು.

ದೊಡ್ಡ ಪಕ್ಷಗಳ ದಾರಿ ಬೇರೆಯಾಗಿತ್ತು. ಕಂಪನಿಗಳ ದೇಣಿಗೆ ಪ್ರಜಾಪ್ರಭುತ್ವದ ಕತ್ತು ಹಿಸುಕುವ ಮಟ್ಟಕ್ಕೆ ಬೆಳೆಯಬಹುದು ಎಂದು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಐವತ್ತರ ದಶಕದಲ್ಲೇ ಎಚ್ಚರಿಸಿದ್ದರು. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ದೇಣಿಗೆಯನ್ನೇ ನಿಷೇಧಿಸಿತು. ಚುನಾವಣೆಯ ಖರ್ಚು ಮಾತ್ರ ಇಳಿಯಲಿಲ್ಲ. ಚೆಕ್ಕಿನಲ್ಲಿ ಬರುತ್ತಿದ್ದದ್ದು ಕಪ್ಪುಹಣವಾಗಿ ಬರತೊಡಗಿತು. 1985ರಲ್ಲಿ ನಿಷೇಧ ತೆಗೆಯುವ ಹೊತ್ತಿಗೆ ಆ ಚಾಳಿ ಬೇರುಬಿಟ್ಟಾಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1974ರಲ್ಲಿ. ದೆಹಲಿಯ ಸದರ್ ಲೋಕಸಭಾ ಕ್ಷೇತ್ರದ ತಕರಾರಿನಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಎಂದು ತೀರ್ಪು ಕೊಟ್ಟಿತು. ನ್ಯಾಯವಾದ ಮಾತು. ಆದರೆ ಅದೇ ತಿಂಗಳು ಸುಗ್ರೀವಾಜ್ಞೆ ಬಂತು, ವರ್ಷ ಮುಗಿಯುವುದರೊಳಗೆ ಕಾಯ್ದೆಗೇ ತಿದ್ದುಪಡಿ ಆಯಿತು: ಪಕ್ಷ ಮಾಡಿದ್ದು, ಹಿತೈಷಿಗಳು ಮಾಡಿದ್ದು ಅಭ್ಯರ್ಥಿಯ ಖರ್ಚಲ್ಲ. ಮಿತಿ ಕಾಗದದ ಮೇಲಷ್ಟೇ ಉಳಿಯಿತು.

2003ರ ತಿದ್ದುಪಡಿ ಈ ಬಾಗಿಲನ್ನು ಅರ್ಧ ಮುಚ್ಚಿತು. ಈಗ ತಾರಾ ಪ್ರಚಾರಕರ, ಅಂದರೆ ಪಕ್ಷ ಪಟ್ಟಿ ಮಾಡಿ ಕೊಟ್ಟ ನಾಯಕರ, ಪ್ರಯಾಣಕ್ಕೆ ವಿನಾಯಿತಿ ಇದೆ. ನಾಯಕರ ಹೆಲಿಕಾಪ್ಟರ್ ಬಾಡಿಗೆ ಪಕ್ಷದ್ದು. ಅಭ್ಯರ್ಥಿಯೂ ಜೊತೆಗೆ ಹತ್ತಿ ಬಂದರೆ ಅರ್ಧ ಅವರ ಲೆಕ್ಕಕ್ಕೆ ಬೀಳುತ್ತದೆ. ನಾಯಕರು ವೇದಿಕೆಯಲ್ಲಿ ಅಭ್ಯರ್ಥಿಯ ಹೆಸರು ಹಿಡಿದು ಮತ ಕೇಳಿದರೆ ಸಭೆಯ ಖರ್ಚಿನಲ್ಲಿ ಪಾಲು ಹಚ್ಚುತ್ತಾರೆ. ಹೆಸರು ಹೇಳದೆ ಪಕ್ಷಕ್ಕಷ್ಟೇ ಮತ ಕೇಳಿದರೆ ಅದು ಪಕ್ಷದ ಸಾಮಾನ್ಯ ಪ್ರಚಾರ. ಪಕ್ಷ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಇಂದಿಗೂ ಮಿತಿ ಇಲ್ಲ. ಅದೇ 2003ರಲ್ಲಿ, 20,000 ರೂಪಾಯಿ ಮೀರಿದ ದೇಣಿಗೆಯ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಕೊಡಬೇಕೆಂಬ ನಿಯಮ ಬಂತು. ಅದರ ಕೆಳಗಿನದಕ್ಕೆ ಹೆಸರು ಹೇಳಬೇಕಿಲ್ಲ.

ಆಮೇಲೆ ಬಂದದ್ದು ಚುನಾವಣಾ ಬಾಂಡ್. ಲಾಭದ ಶೇ 7.5ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು ಕಂಪನಿಗಳಿಗಿದ್ದ ಮಿತಿ 2017ರಲ್ಲಿ ಹೋಯಿತು. 2018ರ ಜನವರಿಯಲ್ಲಿ ಬಾಂಡ್ ಯೋಜನೆ ಜಾರಿಯಾಯಿತು. ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಟ್ಟರೆ ಕೊಟ್ಟವರ ಹೆಸರು ಜನರಿಗೆ ತಿಳಿಯುತ್ತಿರಲಿಲ್ಲ. ನಿಯಮದ ಪ್ರಕಾರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹತ್ತು ಹತ್ತು ದಿನ ಮಾರಾಟ. ಹೆಚ್ಚುವರಿ ಅವಧಿ ಲೋಕಸಭಾ ಚುನಾವಣೆಯ ವರ್ಷಕ್ಕೆ ಮಾತ್ರ. ಆದರೂ ಮೊದಲ ವರ್ಷವೇ ಮೇ 1ರಿಂದ 10ರವರೆಗೆ ವಿಶೇಷ ಮಾರಾಟ ನಡೆಯಿತು. ಕರ್ನಾಟಕದ ಮತದಾನ ಇದ್ದದ್ದು ಮೇ 12ಕ್ಕೆ. 2022ರ ನವೆಂಬರಿನಲ್ಲಿ ನಿಯಮವನ್ನೇ ತಿದ್ದಿ, ವಿಧಾನಸಭಾ ಚುನಾವಣೆಗಳ ವರ್ಷಕ್ಕೂ 15 ದಿನ ಹೆಚ್ಚುವರಿ ಕೊಟ್ಟರು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಯಾರು ಕೊಟ್ಟರು ಎಂದು ತಿಳಿಯುವುದು ಮತದಾರರ ಹಕ್ಕು ಎಂದಿತು. ಮಾರ್ಚ್‌ನಲ್ಲಿ ಕೊಂಡವರ ಹೆಸರುಗಳು ಹೊರಬಿದ್ದವು.

ಈಗ ದೊಡ್ಡ ದೇಣಿಗೆ ಚೆಕ್ಕಿನಲ್ಲಿ, ಇಲ್ಲವೇ ದೇಣಿಗೆ ಕೂಡಿಸಿ ಪಕ್ಷಗಳಿಗೆ ಹಂಚುವ, 2013ರಿಂದ ಇರುವ ಚುನಾವಣಾ ಟ್ರಸ್ಟುಗಳ ಮೂಲಕ ಹೋಗುತ್ತದೆ. ಹೆಸರು ಬಹಿರಂಗವಾಗುತ್ತದೆ, ನಿಜ. ಯಾವಾಗ ಎಂಬುದನ್ನು ನೋಡಿ. ಪಕ್ಷಗಳು ದೇಣಿಗೆಯ ವರದಿ ಕೊಡುವುದು ಹಣಕಾಸು ವರ್ಷ ಮುಗಿದ ಮೇಲೆ, ಆದಾಯ ತೆರಿಗೆ ವಿವರ ಸಲ್ಲಿಸುವ ಗಡುವಿನೊಳಗೆ. 2023ರ ಏಪ್ರಿಲ್‌ನಲ್ಲಿ, ನಮ್ಮ ಊರುಗಳಲ್ಲಿ ಪ್ರಚಾರ ಕಾವೇರಿದ್ದಾಗ ಚೆಕ್ಕಿನಲ್ಲಿ ಕೊಟ್ಟ ದೇಣಿಗೆ 2023–24ರ ಲೆಕ್ಕಕ್ಕೆ ಸೇರುತ್ತದೆ. ಅದರ ವರದಿಗೆ 2024ರ ಅಕ್ಟೋಬರ್‌ವರೆಗೂ ಸಮಯವಿತ್ತು. ಅಷ್ಟರಲ್ಲಿ ಮತ ಎಣಿಕೆ ಮುಗಿದು 17 ತಿಂಗಳಾಗಿತ್ತು.