‘ನಾಳೆ ಬಾ’ ಎನ್ನುವ ಮೇಲ್ ಸರ್ವರ್‌ಗಳು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದಂತೆ. 2003ರಲ್ಲಿ ಎವನ್ ಹ್ಯಾರಿಸ್ ಇಮೇಲ್ ಪಡೆದು ಮುಂದಕ್ಕೆ ದಾಟಿಸುವ ಕಂಪ್ಯೂಟರ್‌ಗಳಾದ ಮೇಲ್ ಸರ್ವರ್‌ಗಳಿಗೆ ಸೂಚಿಸಿದ ಉಪಾಯವೂ ಹೆಚ್ಚುಕಡಿಮೆ ಇದೇ. ಗುರುತಿಲ್ಲದ ಸರ್ವರ್ ಮೊದಲ ಸಲ ಪತ್ರ ತಂದರೆ 4ರಿಂದ ಶುರುವಾಗುವ ಒಂದು ಕೋಡ್ ಕೊಟ್ಟು ‘ಈಗ ಆಗಲ್ಲ, ಆಮೇಲೆ ಬಾ’ ಎನ್ನುವುದು. ಹೆಸರು ಗ್ರೇಲಿಸ್ಟಿಂಗ್. ಆದರೆ ಇಲ್ಲಿ ಮತ್ತೆ ಬರದೇ ಇರುವುದು ದೆವ್ವ. ಸ್ಪ್ಯಾಮ್ ಕಳಿಸುವ ಪ್ರೋಗ್ರಾಂಗಳಿಗೆ ಕಾಯುವ ತಾಳ್ಮೆ ಇರಲಿಲ್ಲ. ನಿಜವಾದ ಸರ್ವರ್ ಮಾತ್ರ ಪತ್ರವನ್ನು ಕ್ಯೂನಲ್ಲಿಟ್ಟುಕೊಂಡು ಮತ್ತೆ ಬಂದು ಬಾಗಿಲು ತಟ್ಟುತ್ತಿತ್ತು.

ಸ್ವಂತ ಡೊಮೇನ್‌ನಿಂದ (ವಿಳಾಸದಲ್ಲಿ @ ಆದಮೇಲಿನ ಹೆಸರು) ಮೇಲ್ ಕಳಿಸಲು ಇವತ್ತು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್ ಹಾಕಿಕೊಂಡು ಕೂತವರು ತಿದ್ದುವ ಒಂದೊಂದು ಸೆಟ್ಟಿಂಗ್ ಹಿಂದೆಯೂ ಇಂಥ ಒಂದು ಹಳೇ ಜಗಳ ಇದೆ.

1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಸರ್ವರ್‌ಗಳು ಮೇಲ್ ದಾಟಿಸುವ ಪದ್ಧತಿಯಾದ ಎಸ್‌ಎಂಟಿಪಿಯ ನಿಯಮಗಳನ್ನು ಬರೆದಾಗ ಕಳಿಸುವವರು ಯಾರೆಂದು ಸಾಬೀತು ಮಾಡುವ ಪ್ರಶ್ನೆಯೇ ಬಂದಿರಲಿಲ್ಲ. ಲಕೋಟೆಯ ಮೇಲೆ ‘ಇಂದ’ ಎಂದು ಯಾರ ವಿಳಾಸ ಬರೆದರೂ ಅಂಚೆಯವರು ಕೇಳುವುದಿಲ್ಲವಲ್ಲ, ಹಾಗೆ. ಬರ್ಕ್ಲಿಯ ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಬಹುಕಾಲ ಯಾರ ಪತ್ರವನ್ನಾದರೂ ಯಾರಿಗಾದರೂ ದಾಟಿಸುತ್ತಿತ್ತು. ನೆಟ್‌ವರ್ಕ್ ಆಗಾಗ ಕಡಿದುಹೋಗುತ್ತಿದ್ದ ಕಾಲದಲ್ಲಿ ಅದು ನೆರೆಹೊರೆಯ ಉಪಕಾರ. ತೊಂಬತ್ತರ ದಶಕದ ನಡುವಿಗೆ ಸ್ಪ್ಯಾಮರ್‌ಗಳು ಇದನ್ನೇ ಹಿಡಿದುಕೊಂಡರು: ಕಂಡವರ ಸರ್ವರ್‌ಗೆ ಒಂದು ಪತ್ರ, ಜೊತೆಗೆ ಸಾವಿರಾರು ವಿಳಾಸ. 1998ರ ಸೆಂಡ್‌ಮೇಲ್ 8.9 ಆವೃತ್ತಿ ಈ ಬಾಗಿಲನ್ನು ತಾನಾಗಿಯೇ ಮುಚ್ಚಿಕೊಂಡು ಬಂತು. ಅದೇ ವರ್ಷ ಬಳಕೆದಾರರು ತಮ್ಮ ಸರ್ವರ್‌ಗೆ ಪತ್ರ ಒಪ್ಪಿಸಲು 587 ಎಂಬ ಪ್ರತ್ಯೇಕ ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ) ನಿಗದಿಯಾಯಿತು. ಹಳೆಯ ಪೋರ್ಟ್ 25 ಸರ್ವರ್-ಸರ್ವರ್ ನಡುವಿನ ಮಾತಿಗೆ ಉಳಿಯಿತು.

ಅಷ್ಟರಲ್ಲಿ ಕಪ್ಪುಪಟ್ಟಿಗಳೂ ಹುಟ್ಟಿದ್ದವು. 1997ರಲ್ಲಿ ಪಾಲ್ ವಿಕ್ಸಿಯ ಆರ್‌ಬಿಎಲ್, ಮರುವರ್ಷ ಸ್ಪ್ಯಾಮ್‌ಹೌಸ್ ಸಂಸ್ಥೆ. ಪತ್ರ ತಂದ ಸರ್ವರ್‌ನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅದರ ಸಂಖ್ಯೆ) ಪಟ್ಟಿಯಲ್ಲಿದೆಯೇ ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು-ಸಂಖ್ಯೆಗಳನ್ನು ಹೊಂದಿಸುವ ಇಂಟರ್ನೆಟ್‌ನ ಡೈರೆಕ್ಟರಿಯಲ್ಲಿ, ಕೇಳಿ ನೋಡುವ ಏರ್ಪಾಡು ಇದು. ಬಾಡಿಗೆಯ ಅಗ್ಗದ ಸರ್ವರ್ ಪಡೆದವರಿಗೆ ಇದರ ಬಿಸಿ ಗೊತ್ತು. ನನಗೊಮ್ಮೆ ಸಿಕ್ಕ ಐಪಿ ಮೊದಲ ದಿನವೇ ಎರಡು ಪಟ್ಟಿಗಳಲ್ಲಿತ್ತು. ಹಳೇ ಬಾಡಿಗೆದಾರನ ಸಾಲಗಾರರು ಹೊಸಬನ ಮನೆಗೆ ಬಂದು ನಿಂತ ಹಾಗೆ. ಸರ್ವರ್ ಕೊಂಡ ಕೂಡಲೇ ಐಪಿಯ ಪೂರ್ವಚರಿತ್ರೆ ನೋಡಿ, ಆ ಐಪಿಯಿಂದ ಹೆಸರಿಗೆ ತಿರುಗುವ ಪಿಟಿಆರ್ ದಾಖಲೆ ಹಾಕಿಸಿಕೊಳ್ಳಬೇಕೆನ್ನುವುದು ಅದಕ್ಕೇ.

ಐಪಿ ಸಾಚಾ ಆದರೂ ‘ಇಂದ’ ವಿಳಾಸ ಸುಳ್ಳಿರಬಹುದಲ್ಲ? ಮೆಂಗ್ ವೆಂಗ್ ವಾಂಗ್ 2003ರಲ್ಲಿ ಮುಂದೆ ತಂದ ಎಸ್‌ಪಿಎಫ್ ‘ನನ್ನ ಡೊಮೇನ್ ಪರವಾಗಿ ಈ ಐಪಿಗಳು ಮಾತ್ರ ಕಳಿಸಬಹುದು’ ಎಂದು ಡಿಎನ್‌ಎಸ್‌ನಲ್ಲಿ ಸಾರುತ್ತದೆ. ಪತ್ರವನ್ನು ಯಾರಾದರೂ ಫಾರ್ವರ್ಡ್ ಮಾಡಿದರೆ ಇದು ಮುರಿಯುತ್ತದೆ. ಆ ಕೊರತೆ ತುಂಬಲು, ಯಾಹೂ ಮತ್ತು ಸಿಸ್ಕೋ ಬೇರೆಬೇರೆಯಾಗಿ ಮಾಡಿದ್ದ ಕೆಲಸ ಕೂಡಿ 2007ರಲ್ಲಿ ಡಿಕಿಮ್ ಬಂತು. ಇದು ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ.

ಸಹಿಯ ಕೀಲಿ (ಸಹಿ ಹಾಕಲು ಬಳಸುವ ಗುಟ್ಟಿನ ಸಂಖ್ಯೆ) ಚಿಕ್ಕದಾದರೆ ಏನಾಗುತ್ತದೆ ಎನ್ನುವುದಕ್ಕೆ 2012ರಲ್ಲಿ ಸುದ್ದಿಯಾದ ಒಂದು ಪ್ರಸಂಗ ಸೊಗಸಾಗಿದೆ. ಝ್ಯಾಕರಿ ಹ್ಯಾರಿಸ್ ಎಂಬ ಗಣಿತಜ್ಞರಿಗೆ (ಮೇಲಿನ ಹ್ಯಾರಿಸ್ ಬೇರೆ) ಗೂಗಲ್‌ನಿಂದ ಕೆಲಸದ ಪ್ರಸ್ತಾಪದ ಮೇಲ್ ಬಂತು. ನಿಜವೋ ಸುಳ್ಳೋ ಎಂದು ಹೆಡರ್ (ಪತ್ರದ ಜೊತೆ ಬರುವ ತಾಂತ್ರಿಕ ವಿವರ) ಬಿಚ್ಚಿ ನೋಡಿದರೆ ಡಿಕಿಮ್ ಕೀಲಿ ಬರೀ 512 ಬಿಟ್. ಬಹುಶಃ ತನಗಿಟ್ಟ ಪರೀಕ್ಷೆಯೇ ಇದು ಎಂದುಕೊಂಡ ಅವರು ಕೀಲಿ ಒಡೆದು, ಗೂಗಲ್‌ನ ಇಬ್ಬರು ಸ್ಥಾಪಕರಿಗೆ ಒಬ್ಬರ ಹೆಸರಲ್ಲಿ ಇನ್ನೊಬ್ಬರಿಗೆ ಮೇಲ್ ಕಳಿಸಿದರು. ಉತ್ತರ ಬರಲಿಲ್ಲ. ಎರಡು ದಿನದಲ್ಲಿ ಕೀಲಿ ಮಾತ್ರ 2048 ಬಿಟ್‌ಗೆ ಬೆಳೆದಿತ್ತು. ಈಗಲೂ ಡಿಕಿಮ್ ಕೀಲಿ ಮಾಡಿಕೊಳ್ಳುವವರು 2048ರ ಕೆಳಗೆ ಇಳಿಯದಿರುವುದು ಲೇಸು.

ಎಸ್‌ಪಿಎಫ್, ಡಿಕಿಮ್ ಎರಡರಲ್ಲೂ ನಪಾಸಾದ ಪತ್ರವನ್ನು ಏನು ಮಾಡಬೇಕೆಂದು ಡೊಮೇನ್ ಮಾಲೀಕರೇ ಹೇಳುವ ಡಿಮಾರ್ಕ್ 2012ರದು. 2014ರ ಏಪ್ರಿಲ್‌ನಲ್ಲಿ ಯಾಹೂ ‘ತಿರಸ್ಕರಿಸಿ’ ಎಂದು ಘೋಷಿಸಿತು, ಬಂದ ಪತ್ರವನ್ನು ಸದಸ್ಯರಿಗೆಲ್ಲ ದಾಟಿಸುವ ಜಗತ್ತಿನ ಮೇಲಿಂಗ್ ಲಿಸ್ಟ್‌ಗಳೆಲ್ಲ ಒದ್ದಾಡಿದವು. ದೊಡ್ಡವರು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು ಊರಿಗೆಲ್ಲ ನಿಯಮವಾಗುವುದು ನನಗೇನೂ ಹಿಡಿಸದು, ಆದರೆ ಆದದ್ದು ಹಾಗೆಯೇ. ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ ಗೆಳೆಯರೊಬ್ಬರ ಜೊತೆ ಸೇರಿ 1996ರಲ್ಲಿ ಹಾಟ್‌ಮೇಲ್ ತೆರೆದಂದಿನಿಂದ ಜನರ ಅಂಚೆಪೆಟ್ಟಿಗೆಗಳು ಕೆಲವೇ ಕಂಪನಿಗಳ ಕೈಗೆ ಜಾರಿದವು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000 ಮೇಲ್ ಮೀರಿ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು.

ಇಷ್ಟೆಲ್ಲ ಸರಿಯಿದ್ದರೂ ಹೊಸ ಐಪಿಯಿಂದ ಒಂದೇ ಏಟಿಗೆ ಹತ್ತು ಸಾವಿರ ಪತ್ರ ಬಿಟ್ಟರೆ ಮತ್ತೆ ‘ನಾಳೆ ಬಾ’. ಪೋಸ್ಟ್‌ಫಿಕ್ಸ್ ತಾನಾಗಿ ಒಂದೇ ಡೊಮೇನ್‌ಗೆ ಏಕಕಾಲಕ್ಕೆ 20 ಸಂಪರ್ಕದವರೆಗೆ ತೆರೆಯುತ್ತದೆ. ದೊಡ್ಡ ಮೇಲ್ ಕಂಪನಿಗಳಿಗೆ ಬೇರೆ ಸಾಲು ಮಾಡಿ, ಪತ್ರ ಪತ್ರಗಳ ನಡುವೆ ಒಂದೆರಡು ಸೆಕೆಂಡ್ ಬಿಡುವು ಕೊಡಬೇಕು. ದಿನದಿನಕ್ಕೆ ಸಂಖ್ಯೆ ಏರಿಸಬೇಕು. ಮರುಪ್ರಯತ್ನದ ಅಂತರ 300ರಿಂದ 4,000 ಸೆಕೆಂಡ್, ಅದನ್ನು ಕೆದಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕ್ಯೂನಲ್ಲಿ ಪತ್ರ 5 ದಿನ ಕಾಯುತ್ತದೆ. ತಡವಾಗುತ್ತಿದೆ ಎಂದು ಕಳಿಸಿದವರಿಗೆ ತಿಳಿಸುವ ಸೆಟ್ಟಿಂಗ್ ಮಾತ್ರ ಸೊನ್ನೆಯಲ್ಲಿದೆ, ಅಂದರೆ ತಿಳಿಸುವುದೇ ಇಲ್ಲ. ಅದನ್ನು 4 ಗಂಟೆ ಮಾಡಿಡಿ. ಇಲ್ಲದಿದ್ದರೆ ಸೋಮವಾರ ಕಳಿಸಿದ ಟೆಂಡರ್ ಪತ್ರ ಹೋಗಲಿಲ್ಲವೆಂದು ಲೆಕ್ಕಪತ್ರ ವಿಭಾಗದವರಿಗೆ ಗೊತ್ತಾಗುವುದು ಶನಿವಾರ.