ಎಷ್ಟನೇ ಕ್ಲಾಸು ಎಂದು ಕೇಳಬೇಡಿ, ಓದಲು ಕೊಡಿ

ಕೊಡಗಿನ ಕಾಫಿ ತೋಟಗಳಲ್ಲಿ ವಯಸ್ಕರಿಗೆ ಓದು-ಬರಹದ ತರಗತಿ ಶುರು ಮಾಡುವಾಗಲೆಲ್ಲ ತೋಟದ ಲೆಕ್ಕ ಬರೆಯುವ ರೈಟರ್ ಒಂದು ಪಟ್ಟಿ ಕೊಡುತ್ತಾರೆ. ಅದರಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಹೆಸರು ಮಾತ್ರ. ಉಳಿದವರು ಎಲ್ಲಿ ಎಂದರೆ, "ಅವರು ಎಸ್ಸೆಸ್ಸೆಲ್ಸಿ ಮೇಡಂ, ಅವರಿಗ್ಯಾಕೆ?" ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಪಾಸಾದ ತರಗತಿ ಬೇರೆ, ಇವತ್ತು ಕೈಯಲ್ಲಿರುವ ಓದು ಬೇರೆ. ಹಲವು ದೇಶಗಳ ಒಕ್ಕೂಟವಾದ ಒಇಸಿಡಿ, ವಯಸ್ಕರ ಕೌಶಲ ಅಳೆಯಲು ನಡೆಸುವ ಪಿಯಾಕ್ ಸಮೀಕ್ಷೆಯಲ್ಲಿ 16ರಿಂದ 65 ವರ್ಷದವರಿಗೆ ನಿತ್ಯದ ಬರಹಗಳನ್ನೇ ಕೊಟ್ಟು ಅರ್ಥ ಮಾಡಿಕೊಳ್ಳಲು ಹೇಳುತ್ತಾರೆ, 500ಕ್ಕೆ ಅಂಕ. 2011-12ರ ಸುತ್ತಿನಲ್ಲಿ ಜಪಾನ್ ಮತ್ತು ನೆದರ್ಲೆಂಡ್ಸ್‌ನ ಹೈಸ್ಕೂಲು ಮಾತ್ರ ಮುಗಿಸಿದ 25-34ರ ವಯಸ್ಸಿನವರು ಇಟಲಿ, ಸ್ಪೇನ್‌ಗಳ ಅದೇ ವಯಸ್ಸಿನ ಪದವೀಧರರನ್ನು ಹಿಂದೆ ಹಾಕಿದರು. 2022-23ರ ಸುತ್ತಿನಲ್ಲಿ ಫಿನ್ಲೆಂಡಿನ ಸರಾಸರಿ 296, ಚಿಲಿಯದು 218. ಇವೆಲ್ಲ ಸರಾಸರಿಗಳು, ಒಬ್ಬೊಬ್ಬರ ಮೇಲಿನ ತೀರ್ಪಲ್ಲ. ಭಾರತ ಇದರಲ್ಲಿ ಭಾಗವಹಿಸಿಲ್ಲ, ಹಾಗಾಗಿ ಆ ಅಂಕಗಳನ್ನು ನಮಗೆ ಹಚ್ಚುವಂತಿಲ್ಲ. ಒಂದೇ ದೇಶದೊಳಗೆ ಹೆಚ್ಚು ಕಲಿತವರ ಸರಾಸರಿ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಶಾಲೆ ವ್ಯರ್ಥವೆಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಆದರೆ ಆ ತರಗತಿಯಲ್ಲಿ ಏನು ಕಲಿಸಿದರು, ಆಮೇಲೆ ಪಾಸಾದವನು ದಿನವೂ ಏನಾದರೂ ಓದುತ್ತಿದ್ದಾನಾ ಎನ್ನುವುದನ್ನು ಮಾರ್ಕ್ಸ್ ಕಾರ್ಡು ಹೇಳುವುದಿಲ್ಲ.

ಸಾಕ್ಷರತೆಯ ಲೆಕ್ಕಕ್ಕೆ ನಮ್ಮ ಜನಗಣತಿಯೂ ಏಳು ವರ್ಷ ದಾಟಿದವರು ಯಾವುದಾದರೂ ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆಯಬಲ್ಲರೇ ಎಂದಷ್ಟೇ ಕೇಳುತ್ತದೆ. 2011ರಲ್ಲಿ ಕೊಡಗಿನ ಸಾಕ್ಷರತೆ 82.61 ಶೇಕಡಾ ಎಂದು ಬಂದದ್ದು ಮನೆಯವರು ಹೇಳಿದ ಉತ್ತರದ ಮೇಲೆ, ಯಾರ ಓದನ್ನೂ ಪರೀಕ್ಷಿಸಿ ಅಲ್ಲ.

ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ಪಿಯುಸಿ ಮುಗಿಸಿದ ಹುಡುಗನಿಗೆ ಗಿಡಕ್ಕೆ ಹೊಡೆಯುವ ಔಷಧಿ ಡಬ್ಬಿಯ ಲೇಬಲ್ ಕೊಟ್ಟೆ. ಗಟ್ಟಿಯಾಗಿ, ತಡವರಿಸದೆ ಓದಿದ. ನೂರು ಲೀಟರ್ ಡ್ರಮ್ಮಿಗೆ ಎಷ್ಟು ಹಾಕುತ್ತೀಯ ಎಂದಾಗ ಮೇಸ್ತ್ರಿಯ ಮುಖ ನೋಡಿದ. ಅದೇ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟ ಅಕ್ಕ ಒಬ್ಬರಿದ್ದಾರೆ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವುದು ಅವರೇ. ಲೇಬಲ್ ಎರಡು ಸಲ ಬೆರಳಿಟ್ಟು ಓದಿ ಸರಿಯಾದ ಅಳತೆ ಹೇಳಿದರು. ರೈಟರ್ ಕೊಟ್ಟ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಹುಡುಗನ ಹೆಸರನ್ನು ನಾನೇ ಸೇರಿಸಿದೆ.

ಹಾಗಾಗಿ ತೋಟದ ಸಾಹುಕಾರರಲ್ಲಿ ಕೇಳಿಕೊಳ್ಳುವುದು ಇಷ್ಟು: ಪಟ್ಟಿ ಮಾಡುವ ಮೊದಲು ಎಲ್ಲರಿಗೂ ಒಂದು ಲೇಬಲ್ಲೋ ಬ್ಯಾಂಕಿನ ಚೀಟಿಯೋ ಕೊಟ್ಟು, ಏನಿದೆ ಎಂದು ಕೇಳಿ. ಬೇರೆಯವರ ಎದುರು ಬೇಡ, ಒಬ್ಬೊಬ್ಬರನ್ನೇ ಕೂರಿಸಿಕೊಂಡು. ಪಾಸಾದವರಿಗೆ ನಾಚಿಕೆ ಜಾಸ್ತಿ, ಒಮ್ಮೆ ಮುಖ ತಿರುಗಿಸಿದರೆ ಮತ್ತೆ ತರಗತಿಯ ಕಡೆ ಬರುವುದಿಲ್ಲ.