ಇರುಳಿಗೆ ಎತ್ತಿಟ್ಟ ಬಿಸಿಲು

ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ, ಗಿಡ ಬೆಳೆಸಲು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಒಂದು ಪುಟ್ಟ ಹಸಿರುಮನೆ. ಚಳಿಗಾಲದ ಮಧ್ಯಾಹ್ನ ಅದರೊಳಗೆ ಕಾಲಿಟ್ಟರೆ ಕನ್ನಡಕ ಮಬ್ಬಾಗುತ್ತದೆ, ಬೆನ್ನಿನ ಮೇಲೆ ಬೆವರು ಇಳಿಯುತ್ತದೆ. ಅಷ್ಟು ಸೆಕೆಯಿದ್ದ ಮನೆ ಹೊತ್ತು ಮುಳುಗಿದ ಒಂದೆರಡು ಗಂಟೆಯಲ್ಲೇ ಹೆಚ್ಚುಕಡಿಮೆ ಹೊರಗಿನಷ್ಟೇ ತಣ್ಣಗಾಗಿಬಿಡುತ್ತದೆ. ಹಗಲಿನ ಆ ಬಿಸಿಯೆಲ್ಲ ಎಲ್ಲಿ ಹೋಯಿತು? ಒಳಗಿರುವ 60 ಘನ ಮೀಟರ್ ಗಾಳಿಯ ತೂಕ ಸುಮಾರು 72 ಕಿಲೋ. ಅಷ್ಟೂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದಿಂದ ಕೇವಲ 17 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಬಹುದು. ಇಡೀ ಮನೆಯ ಗಾಳಿ ಹಿಡಿದಿಟ್ಟುಕೊಳ್ಳುವ ಬಿಸಿ ಒಂದು ದೊಡ್ಡ ಕೊಡದ ನೀರಿನಲ್ಲಿ ಅಡಗುತ್ತದೆ. ಈ ಲೆಕ್ಕವನ್ನು ಮೊದಲ ಸಲ ಹಾಕಿದಾಗ ನಾನು ತಪ್ಪಿದೆನೇನೋ ಎಂದು ಮತ್ತೊಮ್ಮೆ ಹಾಕಿ ನೋಡಿದ್ದೆ.

ಬಚ್ಚಲ ಹಂಡೆ ಕಂಡು ಬೆಳೆದವರಿಗೆ ಇದು ಬೇರೊಂದು ರೂಪದಲ್ಲಿ ಗೊತ್ತಿರುವ ವಿಷಯವೇ. ರಾತ್ರಿ ಕೊನೆಯವರ ಸ್ನಾನ ಮುಗಿದು ಒಲೆಯ ಕೆಂಡ ಬೂದಿಯಾದ ಮೇಲೂ, ಬೆಳಗಿನ ಜಾವ ಮುಖ ತೊಳೆಯಲು ಹೋದರೆ ಹಂಡೆಯ ನೀರು ಉಗುರುಬೆಚ್ಚಗೇ ಇರುತ್ತಿತ್ತು. ಅದೇ ತಾಮ್ರದ ಹಂಡೆ ಖಾಲಿಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತಿತ್ತು. ಬಿಸಿಯನ್ನು ಕಾಯ್ದದ್ದು ತಾಮ್ರವಲ್ಲ, ನೀರು. ಒಂದು ಕಿಲೋ ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ 4.18 ಕಿಲೋಜೂಲ್ ಶಾಖ ಬೇಕು. ಅಷ್ಟೇ ತೂಕದ ಕಲ್ಲಿಗೆ ಇದರ ಐದನೆಯ ಒಂದು ಭಾಗ ಸಾಕು. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕೊಟ್ಟ ಶಾಖದಲ್ಲಿ ಒಂದು ಪಾಲು ಆ ಹಿಡಿತವನ್ನು ಸಡಿಲಿಸುವುದಕ್ಕೇ ಖರ್ಚಾಗುವುದರಿಂದ ಉಷ್ಣತೆ ನಿಧಾನವಾಗಿ ಏರುತ್ತದೆ, ಅಷ್ಟೇ ನಿಧಾನವಾಗಿ ಇಳಿಯುತ್ತದೆ.

ಹಸಿರುಮನೆಯಲ್ಲಿ ಇದನ್ನು ಬಳಸುವ ಬಗೆ ಸರಳ. 200 ಲೀಟರಿನ ಡ್ರಮ್ಮುಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಬಿಸಿಲು ನೇರವಾಗಿ ಬೀಳುವ ಕಡೆ ಸಾಲಾಗಿ ನಿಲ್ಲಿಸುತ್ತಾರೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಡ್ರಮ್ಮುಗಳ ಜಾಗ ಉತ್ತರದ ಗೋಡೆ. ಸಂಜೆ ಅಂಥ ಡ್ರಮ್ಮಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಜಾರಿಸಿ ನೋಡಬೇಕು. ಮುಚ್ಚಳದ ಬಳಿ ಹಿತವಾದ ಬಿಸಿ, ನಡುವಿನಲ್ಲಿ ಬೆಚ್ಚಗೆ, ಬುಡದಲ್ಲಿ ತಣ್ಣಗೆ. ಬಿಸಿಯಾದ ನೀರು ಹಗುರಾಗಿ ಮೇಲಕ್ಕೇರಿ ಪದರವಾಗಿ ನಿಂತಿರುವುದು ಕೈಗೇ ತಿಳಿಯುತ್ತದೆ.

ಆ ಡ್ರಮ್ಮಿನ ನೀರು ರಾತ್ರಿಯಲ್ಲಿ 10 ಡಿಗ್ರಿ ತಣಿದರೆ ಬಿಟ್ಟುಕೊಡುವ ಶಾಖ ಸುಮಾರು 2.3 ಯೂನಿಟ್. ಕರೆಂಟ್ ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ಕೇಳಲು ಚೆನ್ನಾಗಿದೆ. ಆದರೆ ಅದೇ ರಾತ್ರಿ ಹೊರಗೆ ಸೋರಿಹೋಗುವುದೆಷ್ಟು ಎಂದೂ ಕೇಳಬೇಕು. ನಮ್ಮ ಪುಟ್ಟ ಮನೆಯ ಗೋಡೆ, ಮಾಡು ಸೇರಿದರೆ 75 ಚದರ ಮೀಟರಿನಷ್ಟಾಗುತ್ತದೆ. ಒಂದೇ ಪದರದ ಪ್ಲಾಸ್ಟಿಕ್ ಹೊದಿಕೆಯ ಮೂಲಕ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ ಸುಮಾರು 6 ವಾಟ್ ಶಾಖ ಹೊರಹೋಗುತ್ತದೆ. ಹೊರಗಿಗಿಂತ 10 ಡಿಗ್ರಿ ಹೆಚ್ಚು ಬೆಚ್ಚಗಿರಬೇಕೆಂದರೆ 12 ಗಂಟೆಯ ರಾತ್ರಿಗೆ 54 ಯೂನಿಟ್ ಬೇಕು. ಅಂದರೆ 23 ಡ್ರಮ್ಮುಗಳು! ಅವು ನೆಲದ ಮೂರನೆಯ ಒಂದು ಭಾಗವನ್ನೇ ನುಂಗಿದರೆ ಗಿಡಗಳನ್ನು ಎಲ್ಲಿ ಇಡುವುದು? ಅಷ್ಟೂ ಇಟ್ಟರೂ ಸಾಲದು. ಗಾಳಿಗಿಂತ ಐದು ಡಿಗ್ರಿ ಬಿಸಿಯಿರುವ ಡ್ರಮ್ಮಿನ ಮೈಯಿಂದ ಹೊರಬರುವ ಶಾಖ ಸುಮಾರು 100 ವಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು. 23 ಡ್ರಮ್ಮುಗಳೂ ಸೇರಿ ಕೊಡುವುದು 2,300 ವಾಟ್, ಹೊದಿಕೆಯಿಂದ ಸೋರುವುದು 4,500 ವಾಟ್. ಒಳಗೆ ಎಷ್ಟೇ ಬಿಸಿ ತುಂಬಿದ್ದರೂ ಅದು ಹೊರಬರುವುದು ಆ ಮೈಯಿಂದಲೇ. ಆದ್ದರಿಂದ ಅಷ್ಟೇ ನೀರನ್ನು ಚಿಕ್ಕ ಚಿಕ್ಕ ಕ್ಯಾನುಗಳಲ್ಲಿ ಹಂಚಿಟ್ಟರೆ ಶಾಖ ಬೇಗ ಸಿಗುತ್ತದೆ, ಬೇಗ ಮುಗಿಯುತ್ತದೆ ಕೂಡ.

ಹೊದಿಕೆಯನ್ನು ಎರಡು ಪದರ ಮಾಡಿ ನಡುವೆ ಗಾಳಿ ತುಂಬಿದರೆ ಸೋರಿಕೆ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಒಂದು ಹಾಳೆ ಪ್ಲಾಸ್ಟಿಕ್ಕು ಏಳೆಂಟು ಡ್ರಮ್ಮುಗಳ ಕೆಲಸ ಮಾಡಿದಂತಾಯಿತು. ಡ್ರಮ್ಮು ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಸಂದುಗಳನ್ನು ಮುಚ್ಚಿ, ಹೊದಿಕೆಯನ್ನು ಸರಿಪಡಿಸಿ, ರಾತ್ರಿಗೊಂದು ಪರದೆ ಹಾಕಿ, ನೀರಿನ ಮಾತು ಆಮೇಲೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 1970ರ ದಶಕದ ಆರಂಭದಲ್ಲಿ, ಸೌರಶಾಖದ ಪ್ರಯೋಗಗಳಿಗೆ ಹೆಸರಾದ ಸ್ಟೀವ್ ಬೇರ್ ಕಟ್ಟಿದ ಮನೆಯಲ್ಲಿ ಗಾಜಿನ ಹಿಂದೆ ನೀರು ತುಂಬಿದ ಡ್ರಮ್ಮುಗಳದೇ ಗೋಡೆಯಿತ್ತು. ಎಲ್ಲರ ಕಣ್ಣೂ ಆ ಡ್ರಮ್ಮುಗಳ ಮೇಲೆ ನೆಟ್ಟಿತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹೊರಗಿದ್ದ ದೊಡ್ಡ ಬಾಗಿಲು. ಹಗಲು ಅದನ್ನು ನೆಲಕ್ಕೆ ಮಲಗಿಸಿದರೆ ಅದರ ಹೊಳೆಯುವ ಮೈ ಬಿಸಿಲನ್ನು ಡ್ರಮ್ಮುಗಳತ್ತ ಚಿಮ್ಮಿಸುತ್ತಿತ್ತು. ಸಂಜೆ ಅದನ್ನು ಎತ್ತಿ ಮುಚ್ಚಿದರೆ ಮನೆಗೆ ಕಂಬಳಿ ಹೊದಿಸಿದಂತಾಗುತ್ತಿತ್ತು.

ಪಾಲಿಥೀನ್ ಹೊದಿಕೆಯ ಇನ್ನೊಂದು ಗುಣ ಅನೇಕರನ್ನು ಮೋಸಗೊಳಿಸುತ್ತದೆ. ರಾತ್ರಿ ನೆಲ ಮತ್ತು ಗಿಡಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಬಿಡುತ್ತವೆ. ಗಾಜು ಆ ಕಿರಣಗಳನ್ನು ತಡೆಯುತ್ತದೆ, ಸಾಧಾರಣ ಪಾಲಿಥೀನ್ ಬಿಟ್ಟುಬಿಡುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಪಾಲಿಥೀನ್ ಮನೆಯ ಒಳಗು ಹೊರಗಿಗಿಂತಲೂ ತಣ್ಣಗಾಗುವುದುಂಟು. ಹಾಳೆಯ ಒಳಮೈಗೆ ನೀರಿನ ತೆಳುಪೊರೆ ಕಟ್ಟಿಕೊಂಡರೆ ಮಾತ್ರ ಆ ಸೋರಿಕೆ ತಗ್ಗುತ್ತದೆ. ಅಲ್ಲಿಯೂ ಕಾಯುವುದು ನೀರೇ.

ನೀರನ್ನು ನಂಬಿ ದೊಡ್ಡದಾಗಿ ಕಟ್ಟಿದ ಹಸಿರುಮನೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿದೆ. ಜೀವವಿಜ್ಞಾನಿ ಜಾನ್ ಟಾಡ್ ಮತ್ತು ಸಂಗಾತಿಗಳು 1969ರಲ್ಲಿ ಆರಂಭಿಸಿದ ನ್ಯೂ ಆಲ್ಕೆಮಿ ಸಂಸ್ಥೆ 1976ರಲ್ಲಿ ಅದನ್ನು ಕಟ್ಟಿ 'ಆರ್ಕ್' ಎಂದು ಕರೆಯಿತು. ಅಲ್ಲಿ ಕಪ್ಪು ಡ್ರಮ್ಮುಗಳಿರಲಿಲ್ಲ. ಸುಮಾರು ಒಂದೂವರೆ ಮೀಟರ್ ಎತ್ತರ, ಅಷ್ಟೇ ಅಗಲದ, ಬೆಳಕು ಹಾಯುವ ಫೈಬರ್‌ಗ್ಲಾಸ್ ತೊಟ್ಟಿಗಳಿದ್ದವು. ಒಂದೊಂದರಲ್ಲೂ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು. ಆ ನೀರಿನಲ್ಲಿ ಪಾಚಿ ಬೆಳೆದು ಕಡುಹಸಿರಾಯಿತು. ಕಪ್ಪು ಬಣ್ಣ ಮಾಡುವ ಕೆಲಸವನ್ನು ಪಾಚಿಯೇ ಮಾಡಿ ಬಿಸಿಲನ್ನು ಹೀರಿತು, ಪಾಚಿಯನ್ನು ತಿಂದು ತಿಲಾಪಿಯಾ ಮೀನು ಬೆಳೆದವು, ಮೀನಿನ ನೀರು ಗಿಡಗಳಿಗೆ ಗೊಬ್ಬರವಾಯಿತು. ಹೊರಗೆ ಹಿಮ ಬೀಳುವಾಗ ಒಳಗೆ ಸೊಪ್ಪು ಬೆಳೆದದ್ದು ಹೀಗೆ. ಶಾಖ ಕೂಡಿಡುವ ಪಾತ್ರೆಯಿಂದ ಊಟವನ್ನೂ ಪಡೆಯಬಹುದೆಂದು ತೋರಿಸಿದ ಈ ಕಲ್ಪನೆಯ ಬಗ್ಗೆ ನನಗೆ ತುಂಬ ಗೌರವ.

ಕರ್ನಾಟಕದ ಬಯಲುಸೀಮೆಯಲ್ಲಿ ಪಾಲಿಹೌಸ್ ಇಟ್ಟವರ ಚಿಂತೆ ಹಗಲಿನ ಸೆಕೆಯದು, ರಾತ್ರಿಯ ಚಳಿಯದಲ್ಲ. ನಮ್ಮ ಗಡಿಯಾಚೆ ನೀಲಗಿರಿಯಲ್ಲಿ ಮಾತ್ರ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ. ಅಲ್ಲಿ ಬೇಕಾದದ್ದು ಹತ್ತು ಡಿಗ್ರಿಯ ಸುಖವಲ್ಲ. ಸೂರ್ಯ ಹುಟ್ಟುವ ಮುಂಚಿನ ಒಂದೆರಡು ಗಂಟೆಯಲ್ಲಿ ಎರಡೇ ಡಿಗ್ರಿ. ಎಳೆಯ ಸಸಿಯ ಪಾಲಿಗೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ಮತ್ತು ಒಂದು ಡಿಗ್ರಿ ಮೇಲೆ ಎಂಬುದು ಸಾವು ಬದುಕಿನ ಅಂತರ. ನೀರು ನಿಜಕ್ಕೂ ಗೆಲ್ಲುವುದು ಈ ಗೆರೆಯ ಬಳಿಯಲ್ಲೇ. ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗಿದ ನೀರು ಉಷ್ಣತೆ ಇಳಿಯದೆಯೇ ಕಿಲೋಗೆ 334 ಕಿಲೋಜೂಲ್ ಶಾಖವನ್ನು, ಅಂದರೆ ಗುಪ್ತೋಷ್ಣವನ್ನು, ಬಿಡುತ್ತದೆ. ಅದು 80 ಡಿಗ್ರಿ ತಣಿಯುವಾಗ ಬಿಡುವಷ್ಟು ಶಾಖ. ಮಂಜುಗಡ್ಡೆಯಾದ ನೀರು ಹಿಗ್ಗುವುದರಿಂದ ಡ್ರಮ್ಮಿನಲ್ಲಿ ಹತ್ತನೆಯ ಒಂದು ಭಾಗವನ್ನಾದರೂ ಖಾಲಿ ಬಿಡಬೇಕು.

ಆ ಎರಡು ಡಿಗ್ರಿಯ ಬೆಲೆ ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ದಂಡೆಯ ರೈತರಿಗೆ ಇಂಕಾ ಸಾಮ್ರಾಜ್ಯಕ್ಕೂ ಮೊದಲೇ ಗೊತ್ತಿತ್ತು. ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದ ಆ ಬಯಲಿನಲ್ಲಿ ಅವರು ಕಾಲುವೆ ತೋಡಿ, ತೋಡಿದ ಮಣ್ಣನ್ನು ಎತ್ತರದ ಮಡಿಗಳಾಗಿ ಏರಿಸಿ, ಆ ಮಡಿಗಳ ಮೇಲೆ ಆಲೂಗಡ್ಡೆ ಬೆಳೆಯುತ್ತಿದ್ದರು. 1980ರ ದಶಕದಲ್ಲಿ ಪುರಾತತ್ವಜ್ಞರೂ ಸ್ಥಳೀಯ ರೈತರೂ ಸೇರಿ ಪಾಳುಬಿದ್ದಿದ್ದ ಅಂಥ ಹೊಲಗಳನ್ನು ಮತ್ತೆ ಕಟ್ಟಿ ನೋಡಿದರು. ಹಿಮ ಕವಿದ ರಾತ್ರಿಗಳಲ್ಲಿ ಪಕ್ಕದ ಹೊಲಗಳ ಆಲೂಗಡ್ಡೆ ಗಿಡ ಸುಟ್ಟಂತೆ ಕಪ್ಪಾದಾಗ, ಹಗಲಿಡೀ ಬಿಸಿಲು ಕುಡಿದ ಕಾಲುವೆಗಳ ನಡುವಿನ ಮಡಿಗಳಲ್ಲಿ ಹಾನಿ ಬಹಳ ಕಡಿಮೆಯಿತ್ತು. ಅಲ್ಲಿ ಗಾಜಿರಲಿಲ್ಲ, ಪ್ಲಾಸ್ಟಿಕ್ಕಿರಲಿಲ್ಲ. ಮಡಿಯ ಎರಡೂ ಬದಿಗೆ ನಿಂತ ನೀರಿತ್ತು.